18 ತಿಂಗಳ ಚೆಕಪ್: ಮನೆಯಲ್ಲಿರುವ ಮಗುವನ್ನು ಡಾಕ್ಟರಿಗೆ ತೋರಿಸುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಈಗ 17 ತಿಂಗಳು. ಇನ್ನು ಮೂರು ವಾರಕ್ಕೆ 18 ತಿಂಗಳ ಚೆಕಪ್ ಇದೆ. ಹೋದ ಸಲ ಬಾಗಿಲು ದಾಟಿದಾಗಿನಿಂದ ಹೊರಗೆ ಬರುವವರೆಗೆ ಒಂದೇ ಸಮನೆ ಅತ್ತಳು. ಆ ಗಲಾಟೆಯಲ್ಲಿ ನಾನು ಕೇಳಬೇಕು ಅಂದುಕೊಂಡಿದ್ದು ಒಂದೂ ನೆನಪಾಗಲಿಲ್ಲ. ಈಗ ಅವಳು ಮೊದಲಿನಷ್ಟು ಊಟ ಮಾಡುತ್ತಿಲ್ಲ. ಮಾತೂ ನಾಲ್ಕೈದು ಅಷ್ಟೆ. ಈ ಸಲ ಹೇಗೆ ತಯಾರಾಗಬೇಕು? ನನಗೆ ರಜೆ ಸಿಗುವುದೂ ಕಷ್ಟ. ಅವಳ ಅಪ್ಪ ಒಬ್ಬರೇ ಕರೆದುಕೊಂಡು ಹೋದರೆ ನಡೆಯುತ್ತದೆಯೇ?

ಉತ್ತರ: ಮೊದಲು ಆ ಅಳುವಿನ ವಿಷಯ. ಅದಕ್ಕಾಗಿ ನೀವು ಮುಜುಗರ ಪಡಬೇಕಾಗಿಲ್ಲ. 8-9 ತಿಂಗಳಿಗೆ ಮಕ್ಕಳಿಗೆ ನಮ್ಮವರು ಯಾರು, ಹೊರಗಿನವರು ಯಾರು ಅನ್ನುವುದು ಗೊತ್ತಾಗಲು ಶುರುವಾಗುತ್ತದೆ. ಅಪ್ಪ ಅಮ್ಮನನ್ನು ಬಿಟ್ಟಿರಲಾರದ ಭಯ ಒಂದೂವರೆ ವರ್ಷದವರೆಗೂ ಜೋರಾಗಿಯೇ ಇರುತ್ತದೆ. ಗುರುತಿಲ್ಲದ ಒಬ್ಬರು ಹತ್ತಿರ ಬಂದು, ಅಂಗಿ ಎತ್ತಿ, ಎದೆಗೆ ತಣ್ಣನೆಯದೇನನ್ನೋ ಇಟ್ಟರೆ ಆ ಕೂಸು ಅಳದೆ ಇನ್ನೇನು ಮಾಡೀತು? ಅತ್ತು ನಿಮ್ಮ ಕುತ್ತಿಗೆಗೆ ಜೋತುಬಿದ್ದಳು ಅಂದರೆ ತನಗೆ ಆಸರೆ ಎಲ್ಲಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಮಕ್ಕಳ ಡಾಕ್ಟರಾಗಿ ನಾನು ದಿನವೂ ಈ ಅಳು ಕೇಳುತ್ತೇನೆ. ನಮ್ಮಲ್ಲಿ ಯಾರೂ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಅಳುವ ಮಗು ನನ್ನ ಮುಂದೆ ನಡೆಯುವುದಿಲ್ಲ, ಮಾತಾಡುವುದಿಲ್ಲ, ಆಡುವುದಿಲ್ಲ. ಮನೆಯಲ್ಲಿ ಹೇಗಿರುತ್ತದೋ ಅದರ ಹತ್ತರಲ್ಲಿ ಒಂದು ಭಾಗವೂ ಆ ಕೋಣೆಯಲ್ಲಿ ಕಾಣುವುದಿಲ್ಲ. ನನಗೆ ಸಿಗುವುದು ಹತ್ತು-ಹದಿನೈದು ನಿಮಿಷ. ಮಗುವಿನ ಉಳಿದ ದಿನಗಳನ್ನೆಲ್ಲ ನೋಡಿದವರು ನೀವು. ಹಾಗಾಗಿ ಚೆಕಪ್‌ಗೆ ತಯಾರಿ ಅಂದರೆ ಮಗುವನ್ನು ಅಳದಂತೆ ಮಾಡುವುದಲ್ಲ. ಮನೆಯಲ್ಲಿರುವ ನಿಮ್ಮ ಮಗಳನ್ನು ಆ ಕೋಣೆಯವರೆಗೆ ತರುವುದು. ಅದಕ್ಕೆ ಒಂದು ಹಾಳೆ, ಒಂದು ಪೆನ್ನು, ನಿಮ್ಮ ಮೊಬೈಲ್ ಇಷ್ಟಿದ್ದರೆ ಸಾಕು.

ಒಂದು ವಾರ ಮುಂಚೆ ಹಾಳೆಯನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಅನುಮಾನ ಬಂದಾಗಲೇ ಅದರಲ್ಲಿ ಬರೆಯಿರಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರೆಲ್ಲ ಬರೆಯಲಿ. ಹೋಗುವ ಹಿಂದಿನ ರಾತ್ರಿ ಅದನ್ನು ನೋಡಿ, ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವ ಮೂರನ್ನು ಆರಿಸಿ ಮೇಲೆ ಬರೆದುಕೊಳ್ಳಿ. ಒಳಗೆ ಹೋದ ಕೂಡಲೇ, ಪರೀಕ್ಷೆ ಶುರುವಾಗುವ ಮುಂಚೆಯೇ, ಆ ಮೂರನ್ನು ಹೇಳಿಬಿಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ತಾಯಿ ಎಲ್ಲ ಮುಗಿಸಿ ಬಾಗಿಲ ಹಿಡಿಗೆ ಕೈ ಹಾಕಿ ನಿಂತು, "ಅಂದ ಹಾಗೆ ಡಾಕ್ಟ್ರೇ, ಇವನು ರಾತ್ರಿ ಗೊರಕೆ ಹೊಡೀತಾನೆ, ಮಧ್ಯೆ ಮಧ್ಯೆ ಉಸಿರು ನಿಂತ ಹಾಗಾಗುತ್ತೆ" ಅಂದರು. ಅವರನ್ನು ಮತ್ತೆ ಕೂರಿಸಿದೆ. ಆ ದಿನ ನಾವು ಮಾತಾಡಬೇಕಾಗಿದ್ದ ಮುಖ್ಯ ವಿಷಯ ಅದೇ ಆಗಿತ್ತು. ಅವರಿಗೆ ಅದು ಚಿಕ್ಕದು ಅನ್ನಿಸಿತ್ತು, ಕೇಳಲು ಸಂಕೋಚವೂ ಇತ್ತು. ಅಂದಿನಿಂದ ನಾನೇ ಮೊದಲು, "ನಿಮಗೆ ಯಾವುದರ ಚಿಂತೆ ಜಾಸ್ತಿ?" ಅಂತ ಕೇಳುತ್ತೇನೆ. ನಿಮ್ಮ ಡಾಕ್ಟರ್ ಕೇಳದಿದ್ದರೆ ನೀವೇ ಹೇಳಿ.

ಇನ್ನು ಮೊಬೈಲ್. ಅರ್ಧ ಅರ್ಧ ನಿಮಿಷದ ನಾಲ್ಕು ವೀಡಿಯೊ ಮಾಡಿಕೊಳ್ಳಿ. ಬರಿಗಾಲಲ್ಲಿ ನಡೆಯುವುದು, ಎದುರಿನಿಂದಲೂ ಹಿಂದಿನಿಂದಲೂ. ತನ್ನಷ್ಟಕ್ಕೆ ಆಡುವುದು. ಹಿಂದಿನಿಂದ ಹೆಸರು ಕರೆದಾಗ ತಿರುಗುವುದು. ನಿಮ್ಮ ಜೊತೆ "ಮಾತಾಡುವುದು", ಅರ್ಥವಾಗದ ಭಾಷೆಯಾದರೂ ಸರಿ. ಯಾವುದಾದರೂ ವಿಚಿತ್ರ ಅನ್ನಿಸುವ ಸಂಗತಿ ಇದ್ದರೆ ಅದು ಐದನೆಯದು: ಉಸಿರಾಡುವಾಗ ಬರುವ ಸದ್ದು, ಕಣ್ಣು ಒಂದೇ ಕಡೆ ನೆಟ್ಟು ಕೆಲವು ಕ್ಷಣ ಸುಮ್ಮನಾಗುವುದು, ಆಗಾಗ ಬಂದು ಹೋಗುವ ಚರ್ಮದ ಗುಳ್ಳೆಗಳು. ಇಂಥವು ಡಾಕ್ಟರ್ ಎದುರು ಬರುವುದೇ ಇಲ್ಲ. ಬಾಯಲ್ಲಿ ವಿವರಿಸುವುದಕ್ಕಿಂತ 20 ಸೆಕೆಂಡಿನ ವೀಡಿಯೊ ಎಷ್ಟೋ ಮೇಲು.

ಈಗ ನಿಮ್ಮ ಎರಡು ಚಿಂತೆಗಳಿಗೆ ಬರುತ್ತೇನೆ. ಮೊದಲು ಮಾತು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ತನ್ನ ಬೆಳವಣಿಗೆಯ ಪಟ್ಟಿಯನ್ನು 2022ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ 18 ತಿಂಗಳಿಗೆ ಹೆಚ್ಚಿನ ಮಕ್ಕಳು ಅಮ್ಮ, ಅಪ್ಪ ಬಿಟ್ಟು ಮೂರು ಅಥವಾ ಜಾಸ್ತಿ ಪದ ಹೇಳಲು ಪ್ರಯತ್ನಿಸುತ್ತಾರೆ. ಕೈಸನ್ನೆ ಇಲ್ಲದೆ ಬರೀ ಬಾಯಲ್ಲಿ ಹೇಳಿದ ಒಂದು ಕೆಲಸ ಮಾಡುತ್ತಾರೆ. ಏನಾದರೂ ಕುತೂಹಲದ್ದು ಕಂಡರೆ ಬೆರಳು ತೋರಿಸಿ ನಿಮಗೂ ನೋಡಿ ಅನ್ನುತ್ತಾರೆ. ನಿಮ್ಮ ಮಗಳ ನಾಲ್ಕೈದು ಪದಗಳಲ್ಲಿ ಅಪ್ಪ, ಅಮ್ಮ ಸೇರಿವೆಯೋ ಇಲ್ಲವೋ ಎಣಿಸಿ ನೋಡಿ. ಎಣಿಸುವಾಗ ಉಚ್ಚಾರಣೆ ನೋಡಬೇಡಿ. ನಾಯಿ ಕಂಡಾಗಲೆಲ್ಲ "ಬೌ" ಅಂದರೆ ಅದೂ ಒಂದು ಪದವೇ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಕೂಡಿಸಿ. ಎರಡು ಭಾಷೆ ಕೇಳುವುದರಿಂದ ಮಗುವಿನ ಮಾತು ಹಿಂದೆ ಬೀಳುತ್ತದೆ ಅನ್ನುವುದು ತಪ್ಪು ನಂಬಿಕೆ. ಪದಗಳನ್ನು ಬರೆದೇ ತನ್ನಿ. "ಸ್ವಲ್ಪ ಮಾತಾಡ್ತಾಳೆ" ಅಂದರೆ ನನಗೆ ಏನೂ ತಿಳಿಯುವುದಿಲ್ಲ. "ಈ ಐದು ಪದ" ಅಂದರೆ ಬಹಳ ತಿಳಿಯುತ್ತದೆ.

ಬಾಯಿಂದ ಬರುವ ಪದಕ್ಕಿಂತ ಅವಳಿಗೆ ಎಷ್ಟು ಅರ್ಥವಾಗುತ್ತದೆ, ನಿಮ್ಮ ಜೊತೆ ಎಷ್ಟು ಬೆರೆಯುತ್ತಾಳೆ ಅನ್ನುವುದನ್ನು ನಾನು ಹೆಚ್ಚು ಗಮನಿಸುತ್ತೇನೆ. "ಚಪ್ಪಲಿ ತಾ" ಅಂದರೆ ತರುತ್ತಾಳಾ? ಬೇಕಾದ್ದನ್ನು ಕೇಳಲು ಮಾತ್ರ ಬೆರಳು ತೋರಿಸುತ್ತಾಳಾ, ಅಥವಾ ಹಾರುವ ಹಕ್ಕಿಯನ್ನು ಸುಮ್ನೆ ನಿಮಗೆ ತೋರಿಸುವುದಕ್ಕೂ ತೋರಿಸುತ್ತಾಳಾ? ಈ ಎರಡನೆಯದು ಬಹಳ ದೊಡ್ಡ ವಿಷಯ. ತನ್ನ ಖುಷಿಯನ್ನು ಹಂಚಿಕೊಳ್ಳಬೇಕು ಅನ್ನುವ ಆಸೆ ಅದರಲ್ಲಿದೆ. 18 ತಿಂಗಳಾದರೂ ಬೆರಳು ತೋರಿಸುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ ಅಂದರೆ ಅದನ್ನು ಹಾಳೆಯ ಮೊದಲ ಸಾಲಿನಲ್ಲಿ ಬರೆಯಿರಿ. ಹುಟ್ಟಿದಾಗ ಕಿವಿ ಪರೀಕ್ಷೆ ಸರಿಯಾಗಿತ್ತು ಅಂದರೂ ಮತ್ತೆ ಕಿವಿ ಪರೀಕ್ಷೆ ಮಾಡಿಸಿ ಅಂತ ಕೇಳಿ. ಆಮೇಲೆ ಬರುವ ಕೇಳುವಿಕೆಯ ತೊಂದರೆಯೂ ಇರುತ್ತದೆ. ಹೇಳುತ್ತಿದ್ದ ಪದಗಳನ್ನು ಮಗು ಹೇಳುವುದೇ ನಿಲ್ಲಿಸಿದರೆ, ಬರುತ್ತಿದ್ದ ಕೆಲಸ ಬರದಂತಾದರೆ ಚೆಕಪ್ ದಿನದವರೆಗೆ ಕಾಯಬೇಡಿ. ಆ ವಾರವೇ ತೋರಿಸಿ. ಈ ಮಾತು ಯಾವ ವಯಸ್ಸಿಗೂ ಅನ್ವಯಿಸುತ್ತದೆ.

ಈ ಚೆಕಪ್‌ನಲ್ಲಿ ನಿಮ್ಮ ಕೈಗೆ ಪ್ರಶ್ನೆಗಳ ಒಂದು ಹಾಳೆ ಕೊಡಬಹುದು. ಎಂ-ಚಾಟ್ ಅನ್ನುವುದು ಹೆಚ್ಚು ಬಳಕೆಯಲ್ಲಿದೆ. 16ರಿಂದ 30 ತಿಂಗಳ ಮಕ್ಕಳಿಗಾಗಿ ಮಾಡಿದ್ದು, 20 ಪ್ರಶ್ನೆಗಳಿರುತ್ತವೆ. ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ, ಇರಬಹುದಾದ ಮಕ್ಕಳನ್ನು ಬೇಗ ಗುರುತಿಸಲು ಅದು ಒಂದು ಜರಡಿ ಇದ್ದಂತೆ. ಹೆಸರು ಕೇಳಿ ಎಷ್ಟೋ ಜನ ಹೆದರುತ್ತಾರೆ. ಹೆದರಿ "ಹೌದು, ಮಾಡ್ತಾಳೆ" ಅಂತ ಎಲ್ಲದಕ್ಕೂ ಗುರುತು ಹಾಕುತ್ತಾರೆ. ಹಾಗೆ ಮಾಡಬೇಡಿ. ಅದರ ನಿಯಮ ಹೀಗಿದೆ: ಒಂದೆರಡು ಸಲ ಮಾತ್ರ ಮಾಡಿದ್ದನ್ನು ನೋಡಿದ್ದೀರಿ, ಸಾಮಾನ್ಯವಾಗಿ ಮಾಡುವುದಿಲ್ಲ ಅಂದರೆ ಉತ್ತರ "ಇಲ್ಲ". ಅಂಕ ಜಾಸ್ತಿ ಬಂದರೆ ಆಟಿಸಂ ಇದೆ ಅಂತ ಅರ್ಥವಲ್ಲ. ಇನ್ನೂ ವಿವರವಾಗಿ ನೋಡಬೇಕು ಅಂತ ಅಷ್ಟೆ. ಬೇಗ ಗೊತ್ತಾದರೆ ಬೇಗ ಸಹಾಯ ಶುರುವಾಗುತ್ತದೆ. ಆಗುವುದಾದರೆ ಆ ಹಾಳೆಯನ್ನು ಮೊದಲೇ ಕೇಳಿ ಪಡೆದು, ಮನೆಯಲ್ಲಿ ಸಮಾಧಾನವಾಗಿ ಕೂತು ಇಬ್ಬರೂ ಸೇರಿ ತುಂಬಿ. ಅಳುವ ಮಗುವನ್ನು ಎತ್ತಿಕೊಂಡು ಕಾಯುವ ಕೋಣೆಯಲ್ಲಿ ತುಂಬಿದ ಹಾಳೆ ಅಷ್ಟು ನಂಬಿಕೆಗೆ ಬರುವಂಥದ್ದಲ್ಲ.

ನಡಿಗೆಯ ಬಗ್ಗೆ ನೀವು ಏನೂ ಹೇಳಿಲ್ಲ. ನಡೆಯುತ್ತಿದ್ದಾಳೆ ಅಂದುಕೊಳ್ಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಧಾರವಿಲ್ಲದೆ ನಡೆಯಲು ಕಲಿತದ್ದು ಹೆಚ್ಚುಕಡಿಮೆ 8ರಿಂದ 18 ತಿಂಗಳ ಒಳಗೆ. ಎಷ್ಟು ಅಗಲವಾದ ಅಂತರ ನೋಡಿ! 18 ತಿಂಗಳಿಗೂ ನಡೆಯದಿದ್ದರೆ ಪರೀಕ್ಷೆ ಆಗಲೇಬೇಕು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಎಷ್ಟು ವಾರ ಮುಂಚೆ ಅಂತ ಹೇಳಲು ಮರೆಯಬೇಡಿ. ಎರಡು ವರ್ಷದವರೆಗೆ ಅಷ್ಟು ವಾರ ಕಳೆದು ವಯಸ್ಸು ಲೆಕ್ಕ ಹಾಕುತ್ತೇವೆ.

ಈಗ ಊಟ. ನನ್ನ ಬಳಿ ಬರುವ ಹತ್ತು ಅಪ್ಪ ಅಮ್ಮಂದಿರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ: "ಮೊದಲು ಚೆನ್ನಾಗಿ ತಿನ್ನುತ್ತಿದ್ದಳು, ಈಗ ಬಾಯೇ ಬಿಡುವುದಿಲ್ಲ." ಕಾರಣ ಸರಳ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರರಷ್ಟಾಗುತ್ತದೆ. ಎರಡನೆಯ ವರ್ಷ ಪೂರ್ತಿ ಸೇರುವುದು ಎರಡು-ಎರಡೂವರೆ ಕಿಲೋ ಮಾತ್ರ. ಬೆಳೆಯುವ ವೇಗ ಕಡಿಮೆಯಾದ ಮೇಲೆ ಹಸಿವೂ ಕಡಿಮೆಯಾಗುತ್ತದೆ, ಅಲ್ವಾ? ಒಂದು ಹೊತ್ತು ಚೆನ್ನಾಗಿ ತಿಂದು ಮುಂದಿನ ಎರಡು ಹೊತ್ತು ತಟ್ಟೆ ತಳ್ಳುವುದೂ ಈ ವಯಸ್ಸಿನ ಸ್ವಭಾವ. ಅದಕ್ಕೇ ಒಂದು ದಿನದ ಲೆಕ್ಕ ಬೇಡ. ಮೂರು ದಿನ ತಿಂದಿದ್ದನ್ನೆಲ್ಲ, ಕುಡಿದಿದ್ದನ್ನೆಲ್ಲ ಬರೆದು ತನ್ನಿ. ಬರೆದ ಮೇಲೆ ಎಷ್ಟೋ ತಾಯಂದಿರು ಅವರೇ, "ಅಷ್ಟೇನೂ ಕಡಿಮೆ ತಿಂದಿಲ್ಲ" ಅನ್ನುತ್ತಾರೆ.

ಬರೆಯುವಾಗ ಹಾಲನ್ನು ಮಿಲಿಲೀಟರ್‌ನಲ್ಲಿ ಬರೆಯಿರಿ. ಎಲ್ಲರೂ ಮರೆಯುವ ಲೆಕ್ಕ ಇದೇ. ಊಟ ಮಾಡಲಿಲ್ಲ ಅಂತ ಹಾಲು ಕೊಡುತ್ತೇವೆ. ಹಾಲು ಕುಡಿದು ಹೊಟ್ಟೆ ತುಂಬಿದ್ದರಿಂದ ಮುಂದಿನ ಊಟವೂ ಬೇಡವಾಗುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲೇ ಜಾಸ್ತಿಯಾದರೆ ರಕ್ತಹೀನತೆ ಬರಬಹುದು. ಬಂದ ಮೇಲೆ ಹಸಿವು ಇನ್ನೂ ಇಳಿಯುತ್ತದೆ. ಈ ವಯಸ್ಸಿಗೆ ದಿನಕ್ಕೆ ಸುಮಾರು 500 ಮಿಲಿ ಸಾಕು. ನಿಮ್ಮ ಮಗಳು ಅದಕ್ಕಿಂತ ಬಹಳ ಜಾಸ್ತಿ ಕುಡಿಯುತ್ತಿದ್ದರೆ, ಅಥವಾ ಮುಖ ಬಿಳಿಚಿಕೊಂಡಂತೆ ಕಂಡರೆ, ಮಣ್ಣು ತಿನ್ನುತ್ತಿದ್ದರೆ ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ಇನ್ನೂ ಬಾಟಲಿಯಲ್ಲಿ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬಾಟಲಿ ಬಿಟ್ಟು ಲೋಟಕ್ಕೆ ಬರಲು ಇದೇ ಸರಿಯಾದ ಸಮಯ.

ಊಟದ ಚಿಂತೆಗೆ ಕೊನೆಯ ಉತ್ತರ ಇರುವುದು ತೂಕದ ಗ್ರಾಫಿನಲ್ಲಿ. ಅದಕ್ಕೇ ಹಳೆಯ ತೂಕ, ಎತ್ತರ ಬರೆದ ಪುಸ್ತಕ ತಪ್ಪದೆ ತನ್ನಿ. ಒಂದೇ ಚುಕ್ಕೆಯಿಂದ ಏನೂ ಹೇಳಲಾಗದು, ನಾಲ್ಕು ಚುಕ್ಕೆ ಸೇರಿದರೆ ದಾರಿ ಕಾಣುತ್ತದೆ. ನಾವು ಬಳಸುವ ಗ್ರಾಫನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದಿತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು ಅದು. ಒಳ್ಳೆಯ ಆಹಾರ, ಆರೈಕೆ ಸಿಕ್ಕರೆ ಎಲ್ಲ ಕಡೆಯ ಮಕ್ಕಳೂ ಈ ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಅಂತ ಅದು ತೋರಿಸಿತು. ನಿಮ್ಮ ಮಗಳು ಮಧ್ಯದ ಗೆರೆಯಲ್ಲೇ ಇರಬೇಕು ಅಂತೇನಿಲ್ಲ. ಕೆಳಗಿನ ಗೆರೆಯಲ್ಲಿದ್ದರೂ ಅದನ್ನೇ ಹಿಡಿದು ಮೇಲೇರುತ್ತಿದ್ದರೆ ಅದು ಅವಳ ದಾರಿ. ಗೆರೆಗಳನ್ನು ದಾಟಿ ಕೆಳಕ್ಕೆ ಇಳಿಯುತ್ತಿದ್ದರೆ ಆಗ ಕಾರಣ ಹುಡುಕುತ್ತೇವೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ದುಃಖ ಪಡುವುದನ್ನು ದಯವಿಟ್ಟು ಬಿಡಿ. ಗ್ರಾಫ್ ತೋರಿಸಿ ಅಂತ ನೀವೇ ಕೇಳಿ, ಬೆರಳಿಟ್ಟು ನೋಡಿ.

ಅಳತೆ ಸರಿ ಬರಲು ಸಣ್ಣ ಸಣ್ಣ ವಿಷಯಗಳಿವೆ. ಸುಲಭವಾಗಿ ಬಿಚ್ಚುವ ಬಟ್ಟೆ ಹಾಕಿ. ತೂಕ ನೋಡುವಾಗ ಶೂ, ದಪ್ಪ ಬಟ್ಟೆ, ಒದ್ದೆ ಡಯಾಪರ್ ಇರಬಾರದು. ತಲೆಯ ಸುತ್ತಳತೆ ಅಳೆಯುವುದರಿಂದ ಜುಟ್ಟು, ಕ್ಲಿಪ್ ಬೇಡ. ಎರಡು ವರ್ಷದೊಳಗಿನ ಮಕ್ಕಳ ಉದ್ದವನ್ನು ಮಲಗಿಸಿಯೇ ಅಳೆಯಬೇಕು. ಎರಡು ವರ್ಷದ ನಂತರ ನಿಲ್ಲಿಸಿ ಅಳೆಯುತ್ತಾರೆ, ಆಗ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಮಗು ಕುಗ್ಗಿಲ್ಲ, ಅಳೆಯುವ ಕ್ರಮ ಬದಲಾಗಿದೆ.

ಲಸಿಕೆ ಕಾರ್ಡ್ ಬ್ಯಾಗಿಗೆ ಮೊದಲು ಹೋಗಲಿ. ಮಗುವಿಗೆ ಯಾವುದಾದರೂ ಔಷಧ ಕೊಡುತ್ತಿದ್ದರೆ ಬಾಟಲಿಯನ್ನೇ ತನ್ನಿ. "ಆ ಗುಲಾಬಿ ಬಣ್ಣದ ಸಿರಪ್" ಅಂದರೆ ಯಾರಿಗೂ ತಿಳಿಯುವುದಿಲ್ಲ. ಒಂದೇ ಔಷಧ ಬೇರೆ ಬೇರೆ ಸಾಂದ್ರತೆಯಲ್ಲಿ ಬರುವುದರಿಂದ ಲೇಬಲ್ ನೋಡಲೇಬೇಕು. ಲಸಿಕೆ ಇದೆ ಅಂತ ಮುಂಚಿತವಾಗಿ ಪ್ಯಾರಾಸಿಟಮಾಲ್ ಕೊಟ್ಟು ಕರೆತರಬೇಡಿ, ಡಾಕ್ಟರ್ ಹೇಳಿದ್ದರೆ ಮಾತ್ರ ಕೊಡಿ. ಸ್ವಲ್ಪ ನೆಗಡಿ ಇದೆ ಅಂತ ಚೆಕಪ್ ಮುಂದೂಡುವುದೂ ಬೇಡ. ಸಣ್ಣ ನೆಗಡಿ, ಕೆಮ್ಮಿಗೆ ಲಸಿಕೆ ತಪ್ಪಿಸಬೇಕಾಗಿಲ್ಲ. ಹಿಂದೆ ಯಾವುದೋ ಲಸಿಕೆಯಾದ ಮೇಲೆ ಮೈಯೆಲ್ಲ ದದ್ದು ಎದ್ದು ಉಸಿರಾಟಕ್ಕೆ ಕಷ್ಟವಾಗಿದ್ದರೆ, ಫಿಟ್ಸ್ ಬಂದಿದ್ದರೆ, ಇತ್ತೀಚೆಗೆ ಮಗುವಿಗೆ ರಕ್ತ ಏರಿಸಿದ್ದರೆ ಅಥವಾ ಸ್ಟೀರಾಯ್ಡ್ ಔಷಧ ನಡೆಯುತ್ತಿದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿ.

ಮಗುವನ್ನು ತಯಾರು ಮಾಡುವುದು ಇನ್ನೊಂದು ಕೆಲಸ. ಮೂರು ವಾರ ಇದೆ ಅಂದಿರಿ, ಬೇಕಾದಷ್ಟಾಯಿತು. ದಿನಕ್ಕೆ ಐದು ನಿಮಿಷ ಡಾಕ್ಟರ್ ಆಟ ಆಡಿ. ಬೊಂಬೆಯ ಅಂಗಿ ಎತ್ತಿ ಎದೆಗೆ ಲೋಟ ಇಟ್ಟು ಕೇಳಿ. "ಆ..." ಅಂತ ಬಾಯಿ ತೆರೆಸಿ. ಟಾರ್ಚ್ ಹಿಡಿದು ಕಿವಿ ನೋಡಿ. ಆಮೇಲೆ ಅವಳು ನಿಮ್ಮನ್ನು ಪರೀಕ್ಷೆ ಮಾಡಲಿ. ಅದೇ ಕೆಲಸ ಹೊರಗಿನವರು ಮಾಡಿದಾಗ ಪೂರ್ತಿ ಹೊಸದು ಅನ್ನಿಸುವುದಿಲ್ಲ. ಹೋಗುವ ವಿಷಯ ಅವತ್ತು ಬೆಳಗ್ಗೆ ಹೇಳಿದರೆ ಸಾಕು. ಈ ವಯಸ್ಸಿಗೆ "ನಾಳೆ" ಅರ್ಥವಾಗುವುದಿಲ್ಲ.

ಒಂದು ಮಾತನ್ನು ಮನೆಯ ಎಲ್ಲರಿಗೂ ಹೇಳಿಬಿಡಿ. "ಊಟ ಮಾಡದಿದ್ದರೆ ಡಾಕ್ಟರ್ ಹತ್ತಿರ ಇಂಜೆಕ್ಷನ್ ಹಾಕಿಸ್ತೀನಿ" ಅಂತ ಯಾರೂ ಹೆದರಿಸಬಾರದು. ಈ ಒಂದು ಮಾತು ಮಾಡುವ ಕೆಡುಕು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತದೆ. ಮಗು ನಮ್ಮನ್ನು ಶಿಕ್ಷೆ ಕೊಡುವವರು ಅಂತ ನಂಬಿಕೊಂಡೇ ಒಳಗೆ ಬರುತ್ತದೆ. "ಏನೂ ಆಗಲ್ಲ, ನೋವೇ ಆಗಲ್ಲ" ಅನ್ನುವುದೂ ಬೇಡ. ನೋವಾದ ಮೇಲೆ ಮುಂದಿನ ಸಲ ನಿಮ್ಮ ಮಾತನ್ನು ಅವಳು ನಂಬುವುದಿಲ್ಲ. "ಚುರುಕ್ ಅನ್ನುತ್ತೆ, ನಾನು ಹಿಡ್ಕೊಂಡಿರ್ತೀನಿ" ಅನ್ನಿ. ಅದು ಸತ್ಯ, ಅದರಲ್ಲೇ ಧೈರ್ಯವೂ ಇದೆ.

ನಿದ್ದೆಯ ಹೊತ್ತಿಗೆ ಬೀಳದಂತೆ ಸಮಯ ಕೇಳಿ ಪಡೆಯಿರಿ. ಹಸಿದ, ನಿದ್ದೆಗೆಟ್ಟ ಮಗುವನ್ನು ಯಾವ ಆಟದಿಂದಲೂ ಸಮಾಧಾನ ಮಾಡಲಾಗದು. ಒಳಗೆ ಹೋದ ಮೇಲೆ, "ನನ್ನ ತೊಡೆಯ ಮೇಲೇ ಕೂರಿಸಿಕೊಂಡು ಪರೀಕ್ಷೆ ಮಾಡ್ತೀರಾ?" ಅಂತ ಕೇಳಿ. ಬಹುತೇಕ ಎಲ್ಲವನ್ನೂ ಹಾಗೆಯೇ ಮಾಡಬಹುದು. ಸುಮ್ಮನಿರುವಾಗಲೇ ಎದೆಯ ಸದ್ದು ಕೇಳಿ, ಕಿವಿ ಗಂಟಲು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ರೂಢಿ. ಇಂಜೆಕ್ಷನ್ ಕೊಡುವಾಗ ಮಗುವನ್ನು ಮಲಗಿಸಿ ಅದುಮಿ ಹಿಡಿಯಬೇಡಿ. ಎದೆಗೆ ಎದೆ ತಾಗಿಸಿ ನೆಟ್ಟಗೆ ಕೂರಿಸಿ ಅಪ್ಪಿಕೊಳ್ಳಿ. ಅದರಿಂದ ಭಯವೂ ಕಡಿಮೆ, ಕೈಕಾಲೂ ಅಲುಗುವುದಿಲ್ಲ. ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಆಗಲೇ ಕುಡಿಸಿ, ನೋವು ಕಡಿಮೆ ಅನ್ನಿಸುತ್ತದೆ. ಒಂದಕ್ಕಿಂತ ಜಾಸ್ತಿ ಇಂಜೆಕ್ಷನ್ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಕೊಡಿ ಅಂತ ಕೇಳಬಹುದು. ಆದ ಮೇಲೆ 15 ನಿಮಿಷವಾದರೂ ಅಲ್ಲೇ ಕೂತಿರಿ. ದಡಾರದ ಲಸಿಕೆ ಕೊಟ್ಟಿದ್ದರೆ ಜ್ವರ ಅವತ್ತೇ ಬರದೆ 7ರಿಂದ 12 ದಿನದೊಳಗೆ ಬರಬಹುದು, ನೆನಪಿರಲಿ.

ನಿದ್ದೆ, ಮೊಬೈಲ್, ಹಲ್ಲು ಇವುಗಳನ್ನೂ ಕೇಳುತ್ತಾರೆ. ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಈ ವಯಸ್ಸಿಗೆ ಬೇಕು. ಒಂದು ವರ್ಷದ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ದಿನಕ್ಕೆ ಎರಡು ಗಂಟೆ ನೋಡುತ್ತಿದ್ದರೆ ಎರಡು ಗಂಟೆ ಅಂತಲೇ ಹೇಳಿ. ನಿಮ್ಮನ್ನು ಬೈಯಲು ಕೇಳುವುದಲ್ಲ, ಮಾತು ಕಡಿಮೆ ಇರುವುದಕ್ಕೂ ಅದಕ್ಕೂ ಸಂಬಂಧ ಇರಬಹುದಾ ಅಂತ ನೋಡಲು ಕೇಳುವುದು. ಹಲ್ಲು ಬಂದ ಮೇಲೆ ದಿನಕ್ಕೆರಡು ಸಲ, ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಬೇಕು. ಹಲ್ಲಿನ ಡಾಕ್ಟರಿಗೆ ಇನ್ನೂ ತೋರಿಸಿಲ್ಲದಿದ್ದರೆ ಈಗ ತೋರಿಸಿ.

ಹಾಗೆಯೇ ನಿಮ್ಮ ಬಗ್ಗೆಯೂ ಒಂದು ಸಾಲು ಬರೆದುಕೊಳ್ಳಿ. ನಿದ್ದೆ ಇಲ್ಲದೆ ಸೋತುಹೋಗಿದ್ದರೆ, ಮನಸ್ಸು ಸದಾ ಭಾರವಾಗಿದ್ದರೆ ಮಗುವಿನ ಡಾಕ್ಟರ್ ಹತ್ತಿರವೇ ಹೇಳಬಹುದು. ಅದು ಮಗುವಿನ ಆರೋಗ್ಯದ ಮಾತೇ.

ಇನ್ನು ಅವಳ ಅಪ್ಪ ಒಬ್ಬರೇ ಹೋಗುವ ವಿಷಯ. ಖಂಡಿತ ನಡೆಯುತ್ತದೆ. ಎತ್ತಿಕೊಂಡವರು ಗಾಬರಿಯಾಗದಿದ್ದರೆ ಮಗುವಿಗೆ ಅಷ್ಟೇ ಸಾಕು. ಹಿಂದಿನ ರಾತ್ರಿ ಇಬ್ಬರೂ ಕೂತು ಆ ಹಾಳೆ ಓದಿ, ವೀಡಿಯೊಗಳನ್ನು ಅವರ ಮೊಬೈಲಿಗೆ ಕಳಿಸಿ. ಆ ಹೊತ್ತಿಗೆ ಹತ್ತು ನಿಮಿಷ ನೀವು ಫೋನಿನಲ್ಲಿ ಸಿಗುವಂತಿದ್ದರೆ ಡಾಕ್ಟರನ್ನು ಕೇಳಿ ಸ್ಪೀಕರಿನಲ್ಲಿ ಹಾಕಲಿ. ಬರುವಾಗ ಅದೇ ಹಾಳೆಯ ಹಿಂಬದಿಯಲ್ಲಿ ಮೂರು ವಿಷಯ ಬರೆದು ತರಲಿ: ಅವತ್ತಿನ ತೂಕ ಮತ್ತು ಎತ್ತರ, ಆ ತೂಕಕ್ಕೆ ಜ್ವರದ ಔಷಧ ಎಷ್ಟು ಮಿಲಿ, ಮುಂದಿನ ಭೇಟಿ ಯಾವಾಗ. ಬರೆಯುವಾಗ ಮಗಳು ತೋಳಿನಲ್ಲಿ ಅಳುತ್ತಿದ್ದರೆ ಡಾಕ್ಟರ್ ಕೈಗೇ ಹಾಳೆ ಕೊಡಲಿ, ಅವರೇ ಬರೆದುಕೊಡುತ್ತಾರೆ.